ಯಂಕಂಚಿಯಾಗ ಲ್ಯಾಪ್‌ಟಾಪ್ ಎಬ್ಬಿಸಿದ್ದು

ಯಂಕಂಚಿಯ ಬೀರಣ್ಣನ ಮನ್ಯಾಗ ಮುಂಜಾನಿ ಎಷ್ಟು ಎಬ್ಬಿಸಿದ್ರೂ ಏಳದೇ ಇರೂವು ಎರಡು. ಒಂದು ಸಣ್ಣ ಮಗ ಸಿದ್ಧರಾಮ, ಇನ್ನೊಂದು ಸೊಸಿ ರಾಜಶ್ರೀಯ ಲ್ಯಾಪ್‌ಟಾಪು. ಸಿದ್ಧರಾಮ ಹತ್ತು ಗಂಟೆಕ್ಕರೆ ಎದ್ದು ಚಾ ಕೇಳತಿದ್ದ. ಲ್ಯಾಪ್‌ಟಾಪು ಅದನ್ನೂ ಕೇಳತಿರಲಿಲ್ಲ. ಬಟನ್ ಒತ್ತಿದ್ರ ಕರೀ ಪರದಿ ಮ್ಯಾಲ ಇಂಗ್ಲೀಷಿನ್ಯಾಗ ಒಂದು ಸಾಲು ಬರೀತಿತ್ತು. ಅದರ ಅರ್ಥ, ಒಳಗ ಎಬ್ಬಿಸೂವಂಥಾದ್ದು ಏನೂ ಸಿಗವಲ್ದು ಅಂತ. ಪೊಲೀಸ್ ಭರ್ತಿಯವರು ಸಿದ್ಧರಾಮನ ಬಗ್ಗೆ ಮೂರು ಸಲ ಇದ್ನ ಬರದು ಕಳಿಸಿದ್ದರು. ಅವರದು ಕನ್ನಡದಾಗ ಇತ್ತು, ಅಷ್ಟ ಫರಕು.

ಲ್ಯಾಪ್‌ಟಾಪು ಹತ್ತು ವರ್ಷದ ಹಿಂದಿಂದು. ರಾಜಶ್ರೀ ಬಾಗೇವಾಡಿಯಾಗ ಬಿ.ಎ. ಓದೂಮುಂದ ಸರ್ಕಾರ ಪುಕ್ಕಟೆ ಕೊಟ್ಟಿತ್ತು. ಆರು ವರ್ಷದ ಹಿಂದ ಲಗ್ನ ಆಗಿ ಇಂಗಳೇಶ್ವರದಿಂದ ಬರೂಮುಂದ ತಿಜೋರಿ, ಗಾದಿ, ಭಾಂಡೆ ಸಾಮಾನಿನ ಜೋಡಿ ಅದೂ ಟಂಟಂ ಹತ್ತಿ ಬಂತು. ಅತ್ತಿ ಸಾತವ್ವ ಬಾಗಿಲದಾಗ ಸೊಸಿಗೊಮ್ಮೆ, ಲ್ಯಾಪ್‌ಟಾಪಿಗೊಮ್ಮೆ ಆರತಿ ಎತ್ತಿದಳು. ಆಮ್ಯಾಲ ಒಳಗ ಕರಕೊಂಡು ಸೊಸೀನ್ನ ಒಲಿ ಮುಂದ ಕುಂದರಿಸಿದಳು, ಲ್ಯಾಪ್‌ಟಾಪನ್ನ ಜ್ವಾಳದ ಚೀಲದ ಮ್ಯಾಲ ಇಟ್ಟಳು. ಆರು ವರ್ಷ ಇಬ್ಬರೂ ಜಾಗಾ ಬದಲ ಮಾಡಿರಲಿಲ್ಲ.

ಅಮಾಸಿ ಬಂತಂದ್ರ ಸಾತವ್ವ ಒಂದು ಬಟ್ಟಲ ಭಂಡಾರ, ಅಂದ್ರ ಬೀರಪ್ಪದೇವರ ಅರಿಷಿಣಪುಡಿ, ಹಿಡಕೊಂಡು ಮನಿ ತುಂಬ ಅಡ್ಡಾಡಾಕಿ. ನೀರಿನ ಮೋಟಾರ, ಮಿಕ್ಸರ್, ಹಿರೇಮಗ, ರಾಜಶ್ರೀಯ ಗಂಡ ಕಾಂತೂನ ಟಂಟಂ, ಎಲ್ಲಕ್ಕೂ ಭಂಡಾರ. ಎಲ್ಲಿ ತೂತು ಕಂಡಿತೋ ಅಲ್ಲಿ ಎರಡು ಚಿಟಿಕಿ ಹೆಚ್ಚಿಗಿ. ಲ್ಯಾಪ್‌ಟಾಪಿಗೆ ತೂತು ಬಾಳ.

ಅದನ್ನ ಎಬ್ಬಿಸಬೇಕು ಅನ್ನೂ ವಿಚಾರ ರಾಜಶ್ರೀಗೆ ಬಂದದ್ದು ನೂರು ರೂಪಾಯಿ ಕೇಳಿದ ದಿನ. ಕಾಂತು ಯಂಕಂಚಿ-ಸಿಂದಗಿ ಟಂಟಂ ಹೊಡದು ಬಂದು ಊಟಕ್ಕ ಕುಂತಿದ್ದ. ಬಾಜೂಕ ಸಿದ್ಧರಾಮ. ಸಾತವ್ವ ಝುಣಕ ಹಾಕತಿದ್ದಳು.

"ಏನ್ರಿ, ಒಂದು ನೂರು ರೂಪಾಯಿ ಕೊಡ್ರಿ."

"ಎದಕ್ಕ?"

"ಬೇಕಾಗೈತ್ರಿ."

"ಬೇಕಾಗೈತಿ ಅಂದ್ರ ಏನು? ಅದಕ್ಕೇನು ಹೆಸರಿಲ್ಲೇನು?"

ಸಾತವ್ವಗ ತಿಳೀತು. ತಿಳದದ್ದನ್ನ ಹೊಟ್ಟ್ಯಾಗ ಇಟ್ಕೊಳ್ಳೂ ಚಟ ಆಕಿಗಿ ಇರಲಿಲ್ಲ.

"ತಿಂಗಳಾ ತಿಂಗಳಾ ಅದಕ್ಕ ನೂರು ರೂಪಾಯಿ ಯಾಕಬೇಕ? ಮನ್ಯಾಗ ಹಳೀ ಸೀರಿ ಇಲ್ಲೇನು? ನಾವೆಲ್ಲ ಹೆಣ್ಮಕ್ಕಳಲ್ಲೇನು?"

ಸಿದ್ಧರಾಮ ತಾಟಿನ್ಯಾಗ ಮಾರಿ ಇಟ್ಟು ನಕ್ಕ. ಕಾಂತು ಐವತ್ತು ರೂಪಾಯಿ ತಗದು ನೆಲದ ಮ್ಯಾಲಿಟ್ಟ. ಅರ್ಧ ವಾದ ಗೆದ್ದಂಗ ಆತು, ಅರ್ಧ ಮರ್ಯಾದಿ ಹೋದಂಗ ಆತು.

ಮರುದಿನಾನ ರಾಜಶ್ರೀ ತನ್ನ ಗೆಳತಿ ಸುವರ್ಣಾಗ ಫೋನ್ ಮಾಡಿದಳು. ಸುವರ್ಣಾ ವಿಜಯಪುರದಾಗ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಇದ್ದಳು. ಸಾಲಿ ಮಕ್ಕಳ ಗೈಡು ಛಾಪಿಸೂ ಪ್ರೆಸ್ಸು.

"ಕೆಲಸ ಐತಲೇ ರಾಜಿ. ಮಾಸ್ತರು ಕೈಲೆ ಬರದದ್ದನ್ನ ಕಂಪ್ಯೂಟರಿನ್ಯಾಗ ಟೈಪ್ ಮಾಡೂದು. ಪುಟಕ್ಕ ಇಪ್ಪತ್ತೈದು ರೂಪಾಯಿ. ಮೊದಲು ನಲವತ್ತು ಪುಟ ಕೊಟ್ಟು ನೋಡ್ತಾರ. ಚೊಲೋ ಮಾಡಿದ್ರ ವರ್ಷಪೂರ್ತಿ ಕೆಲಸ."

"ಮನ್ಯಾಗ ಕುಂತು ಮಾಡಬೋದೇನು?"

"ಮನ್ಯಾಗರ ಕುಂದ್ರು, ಕುರಿ ಹಟ್ಟ್ಯಾಗರ ಕುಂದ್ರು. ನವೆಂಬರ್ ಇಪ್ಪತ್ತಕ್ಕ ಕೊಡಬೇಕು. ಬಿಡಿ ಬಿಡಿ ಕಳಿಸಬ್ಯಾಡ, ಮಾಲಕಗ ಸಿಟ್ಟು ಬರ್ತೈತಿ. ನಲವತ್ತೂ ಒಮ್ಮೆಲೆ. ಮತ್ತ ನಿನ್ನ ಲ್ಯಾಪ್‌ಟಾಪು ನಡೀತೈತಿಲ್ಲ?"

"ನಡೀತೈತಿ," ಅಂದಳು ರಾಜಶ್ರೀ. ಆರು ವರ್ಷದಾಗ ಆಕಿ ಆಡಿದ ಮೊದಲನೇ ಸುಳ್ಳು. ಕೈಬರಹದ ಕಟ್ಟು ಒಂದನೇ ತಾರೀಖಿಗಿ ಬಸ್ಸಿನ್ಯಾಗ ಬಂತು.

ಮನ್ಯಾಗ ಕಂಪ್ಯೂಟರ್ ಪಂಡಿತ ಅಂದ್ರ ಸಿದ್ಧರಾಮ. ಸಿಂದಗಿಯಾಗ ಮೂರು ತಿಂಗಳ ಕೋರ್ಸ್ ಮಾಡಿದ್ದ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋದ ಬಾಜೂಕ ಹಾಕಿದ್ದರು. ದೇವರ ಕೈಯಾಗ ಆಗಲಾರದ್ದು ಇದ್ರ ಇವ ಮಾಡ್ಲಿ ಅಂತ ಇರಬೇಕು. ರಾಜಶ್ರೀ ಕೆಲಸದ ಮಾತು ತಗದಾಗ ಸಾತವ್ವ, "ಸಿದ್ದೂನ ಕೈಯಾಗ ಕೊಡು, ನೀ ಮುಟ್ಟಿ ಕೆಡಸಬ್ಯಾಡ" ಅಂದಳು. ಕೆಟ್ಟದ್ದನ್ನ ಕೆಡಸೂದು ಹೆಂಗಂತ ರಾಜಶ್ರೀ ಕೇಳಲಿಲ್ಲ.

ಸಿದ್ಧರಾಮ ಲ್ಯಾಪ್‌ಟಾಪನ್ನ ಚೀಲದಾಗ ಹಾಕ್ಕೊಂಡು ಸಿಂದಗಿ ಬಸ್‌ಸ್ಟ್ಯಾಂಡ್ ಹತ್ತರ ಜಾಹಿದನ ರಿಪೇರಿ ಅಂಗಡಿಗಿ ಹೋಗಿ ಬಂದ. ಊಟದಾಗ ಎಲ್ಲಾರಿಗೂ ಕೇಳೂವಂಗ ವರದಿ ಒಪ್ಪಿಸಿದ.

"ಒಳಗಿನ ಡಿಸ್ಕು ಸತ್ತೈತಂತ. ಹೊಸಾದು ಹಾಕಸಾಕ ಎರಡು ಸಾವಿರ."

"ಬಿಡು ಹಂಗಾದ್ರ," ಅಂದ ಕಾಂತು.

"ಇನ್ನೊಂದು ದಾರಿ ಐತಣ್ಣ. ಒಂದು ಪೆನ್ ಡ್ರೈವಿನ್ಯಾಗ ಹಗೂರದೊಂದು ಸಿಸ್ಟಂ ಹಾಕಿ ಕೊಡ್ತಾನಂತ. ಅದನ್ನ ಚುಚ್ಚಿ ಚಾಲೂ ಮಾಡಿದ್ರ ಅದರ ಮ್ಯಾಲೇ ಏಳತೈತಿ. ಅದಕ್ಕ ಪೆನ್ ಡ್ರೈವಿಂದ ಬೂಟ್ ಮಾಡೂದು ಅಂತಾರ."

"ಬೂಟ?" ಸಾತವ್ವ ಎದ್ದು ನಿಂತಳು. "ಬೂಟ ಗೀಟ ಏನಿದ್ರೂ ಬಾಗಿಲ ಹೊರಗ ಬಿಡು."

"ಪೆನ್ ಡ್ರೈವಿಗೆ ಮುನ್ನೂರಾ ಐವತ್ತು ರೂಪಾಯಿ," ಅಂದ ಸಿದ್ಧರಾಮ.

"ಮನ್ಯಾಗ ಒಂದು ಐತಲ್ಲ," ಅಂದ ಕಾಂತು.

ಎಲ್ಲಾರೂ ಪಡಸಾಲಿ ಕಡೆ ನೋಡಿದ್ರು. ಅಲ್ಲಿ ಮೊಳಿಗಿ ಬೀರಣ್ಣನ ಸಣ್ಣ ಸೌಂಡ್ ಬಾಕ್ಸ್ ಜೋತುಬಿದ್ದಿತ್ತು. ಅದರ ಬಗಲಾಗ ಕೆಂಪು ಪೆನ್ ಡ್ರೈವು. ಬೀರಣ್ಣ ಕುರಿ ಕಾಯೂ ಮನಶ್ಯಾ, ಆದ್ರ ನಾಕ ತಾಲೂಕಿನ್ಯಾಗ ಡೊಳ್ಳಿನ ಪದ ಹಾಡಿದಾವ. ಇಂಡಿಯಿಂದ ಮುದ್ದೇಬಿಹಾಳತನಕ ಹಾಡಿಕಿಗೆ ಕರೀತಿದ್ರು. ಮೂರು ವರ್ಷದ ಹಿಂದ ಗಂಟಲಾಗಿನ ಗಡ್ಡಿ ತಗಸಿದಾಗ ಜೀವ ಉಳೀತು, ದನಿ ಹೋತು. ಈಗ ಮಾತಾಡಿದ್ರ ಒಣಾ ಜ್ವಾಳದ ಕಣಕಿ ಎಳದಂಗ. ಹನ್ನೆರಡು ವರ್ಷದ ಹಿಂದ ಯಾರೋ ಮೊಬೈಲಿನ್ಯಾಗ ತುಂಬಿಕೊಂಡಿದ್ದ ಇಪ್ಪತ್ತೆರಡು ಪದ ಆ ಪೆನ್ ಡ್ರೈವಿನ್ಯಾಗ ಇದ್ದವು. ಬ್ಯಾರೆ ಎಲ್ಲೂ ಇರಲಿಲ್ಲ. ದಿನಾ ಊಟ ಆದ ಮ್ಯಾಲ ಮುದುಕ ಕಂಬಕ್ಕ ಆತು ಕುಂತು, ತನ್ನ ದನಿ ತಾನ ಕೇಳತಿದ್ದ. ಆ ವ್ಯಾಳ್ಯಾದಾಗ ಅವನ ಮುಂದ ಯಾರೂ ಮಾತಾಡತಿರಲಿಲ್ಲ.

ಬೀರಣ್ಣ ಆಗ ಊರಾಗ ಇರಲಿಲ್ಲ. ಅಗರಖೇಡ ಕಡೆ ರೈತರ ಹೊಲದಾಗ ಕುರಿ ಕೂಡಿಸಾಕ ಹೋಗಿದ್ದ. ಹೊಲಕ್ಕ ಗೊಬ್ಬರ, ಇವಗ ಜ್ವಾಳ.

"ಅಪ್ಪ ಬರೂದರಾಗ ಹೊಳ್ಳಿ ಇಟ್ಟರಾತು," ಅಂದ ಕಾಂತು.

"ಅದರಾಗ ಮಾವಾರ ಹಾಡು ಅದಾವ," ಅಂದಳು ರಾಜಶ್ರೀ. "ಸಿದ್ದು, ಮೊದಲ ಅವನ್ನ ಜಾಹಿದನ ಕಂಪ್ಯೂಟರಿನ್ಯಾಗ ಇಳಿಸ್ಕೊಳ್ಳಾಕ ಹೇಳು. ಆಮ್ಯಾಲ ಹಾಕ್ಸು. ಮರೀಬ್ಯಾಡಪ್ಪಾ."

"ವೈನೀ, ಕೋರ್ಸ್ ಮಾಡ್ಯಾವ ನಾನೋ ನೀವೋ?"

ಮರುದಿನ ಅಂಗಡ್ಯಾಗ ಜಾಹಿದ ಕೇಳಿದ. "ಇದರಾಗ ಏನರ ಐತೇನಪಾ? ಸಿಸ್ಟಂ ಹಾಕಿದ್ರ ಇದ್ದದ್ದೆಲ್ಲ ಅಳಸ್ತೈತಿ ಮತ್ತ. ಬೇಕಂದ್ರ ಇಳಿಸಿ ಇಡ್ತೇನಿ, ಅರ್ಧಾ ತಾಸು ಕುಂದ್ರು."

ಸಿದ್ಧರಾಮಗ ಕ್ರಿಕೆಟ್ ಮ್ಯಾಚ್ ಇತ್ತು. ಅರ್ಧಾ ತಾಸು ಅಂದ್ರ ಆರು ಓವರ್.

"ಏನಿಲ್ಲ, ಹಾಕು," ಅಂದ.

ಹಿಂಗ ಇಪ್ಪತ್ತೆರಡು ಪದ ಎರಡು ಮಾತಿನ್ಯಾಗ ಹೋದವು. ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲ. ಹೇಳಿದ್ಯೇನು ಅಂತ ರಾಜಶ್ರೀ ಕೇಳಿದ್ದಕ್ಕ, ಎಲ್ಲಾ ಬರೋಬರಿ ಆಗೈತ್ರಿ ಅಂದ.

ಆಮ್ಯಾಲ ಎಂಟು ದಿನ ಪಂಡಿತರು ಲ್ಯಾಪ್‌ಟಾಪಿನ ಮುಂದ ಕುಂತರು. ಪೆನ್ ಡ್ರೈವ್ ಚುಚ್ಚೂದು, ಬಟನ್ ಒತ್ತೂದು, ಅದ ಕರೀ ಪರದಿ, ಅದ ಸಾಲು. ಜಾಹಿದ ಹೇಳಿ ಕಳಿಸಿದ್ದ: ಚಾಲೂ ಆಗೂಮುಂದ ಎಫ್ ಹನ್ನೆರಡು ಅನ್ನೂ ಕೀಲಿ ಒತ್ತಬೇಕು, ಆಗ ಎಲ್ಲಿಂದ ಏಳಲಿ ಅಂತ ಅದ ಕೇಳತೈತಿ, ಪೆನ್ ಡ್ರೈವ್ ತೋರಿಸಬೇಕು. ಸಿದ್ಧರಾಮ ಸಾಹುಕಾರರ ಮನಿ ಗಂಟಿ ಒತ್ತಿದಂಗ ಒಂದ ಸಲ ಒತ್ತಿ, ಕೈಕಟ್ಟಿ ಕುಂದರತಿದ್ದ. ಯಾರೂ ಬಾಗಿಲ ತಗೀತಿರಲಿಲ್ಲ. ಒಂದು ದಿನ ತಪ್ಪಿ ಇನ್ಯಾವುದೋ ಕೀಲಿ ಒತ್ತಿ, ನೀಲಿ ಪರದಿ ಬಂತು.

"ಇದಕ್ಕ ಬಯೋಸ್ ಅಂತಾರ," ಅಂದ ಸಿದ್ಧರಾಮ, ಹೆಮ್ಮಿಲೆ.

"ಏನ ಬೈಯೂದು?" ಅಂದಳು ಸಾತವ್ವ.

"ಬೈಯೂದಲ್ಲಬೇ, ಬಯೋಸು. ಇಡೀ ಮಷೀನು ಇದರ ಮಾತು ಕೇಳಿ ನಡೀತೈತಿ."

ಹಂಗ ನೋಡಿದ್ರ ಮನಿಗೊಂದು ಇರ್ತೈತಿ ಅದು. ಈ ಮನ್ಯಾಗ ಅದರ ಹೆಸರು ಸಾತವ್ವ. ಬಯೋಸಿನ್ಯಾಗ 'ಲೆಗಸಿ' ಅಂತ ಒಂದು ಆಯ್ಕೆ ಇತ್ತು, ಹಳೀ ಪದ್ಧತೀಲೆ ನಡಸೂದು ಅಂತ ಅದರ ಅರ್ಥ. ಸಿದ್ಧರಾಮ ಅದನ್ನ ಹಾಕಿದ. ಲ್ಯಾಪ್‌ಟಾಪೂ ಅಷ್ಟರ ಮಟ್ಟಿಗೆ ಮನಿ ಮಂದೀ ಜೋಡಿ ಹೊಂದಿಕೊಂತು. ಏಳಲಿಲ್ಲ.

"ಸಿದ್ದು, ನಾ ಒಂದು ಸಲ ನೋಡ್ಲೇನು? ಒಂಬತ್ತನೇ ತಾರೀಖು ಆತು," ಅಂದಳು ರಾಜಶ್ರೀ.

"ಇದು ಪಲ್ಯಾ ಅಲ್ರಿ ವೈನಿ, ಒಗ್ಗರಣಿ ಕೊಟ್ಟರ ಆಗಾಕ."

"ಅವ ಕುಂತಾನಲ್ಲ, ಮಾಡ್ತಾನ," ಅಂದಳು ಸಾತವ್ವ. "ನೀ ಹಟ್ಟಿ ಕಸಾ ಬಳಿ. ಮನ್ಯಾಗ ಉಳದ ಕುರಿಮರಿಗೋಳ ಹಿಕ್ಕಿ ಹಂಗ ಬಿದ್ದೈತಿ."

ರಾಜಶ್ರೀ ಹಿಕ್ಕಿ ಬಳಿದಳು. ಬಳದು ಕೈ ತೊಳಕೊಂಡು, ಹಟ್ಟಿ ಹಿಂದ ನಿಂತು ಜಾಹಿದಗ ಫೋನ್ ಮಾಡಿದಳು.

"ಎಷ್ಟು ಸಲ ಒತ್ತತಾನ್ರಿ ಅಂವಾ?" ಕೇಳಿದ ಜಾಹಿದ.

"ಒಂದ ಸಲರಿ."

"ಅಯ್ಯ ಅಕ್ಕಾರ! ಒಂದು ಸಲಕ್ಕ ಅದು ಕೇಳಸ್ಕೊಳ್ಳೂದಿಲ್ರಿ. ಬಟನ್ ಒತ್ತಿದ ಕೂಡಲೇ ಎಫ್ ಹನ್ನೆರಡನ್ನ ಟಪಟಪಟಪ ಬಡೀತಾನ ಇರಬೇಕು. ರೊಟ್ಟಿ ಬಡದಂಗ. ಕೈ ನಿಂದರಬಾರದು. ಮತ್ತ ಪೆನ್ ಡ್ರೈವ್ ಚುಚ್ಚೂ ಕಿಂಡಿ ಸ್ವಚ್ಛ ಅದಾವಿಲ್ರಿ?"

ಹತ್ತನೇ ತಾರೀಖು ಮುಂಜಾನಿ ಆರು ಗಂಟೆ. ಪಂಡಿತರು ಗೊರಕಿ ಹೊಡೀತಿದ್ರು. ರಾಜಶ್ರೀ ಹಂಚಿನ ಮ್ಯಾಲ ಹತ್ತೊಂಬತ್ತನೇ ರೊಟ್ಟಿ ಹಾಕಿ, ಲ್ಯಾಪ್‌ಟಾಪನ್ನ ಒಲಿ ಹತ್ತರ ತಂದುಕೊಂಡಳು. ಕಿಂಡಿ ಇಣುಕಿ ನೋಡಿದ್ರ ಒಳಗ ಹಳದಿ. ಆರು ವರ್ಷದ ಅಮಾಸಿ ಅಲ್ಲೇ ಗಟ್ಟಿಯಾಗಿ ಕುಂತಿತ್ತು. ಕಸಬರಿಗಿ ಕಡ್ಡಿ ಮುರಕೊಂಡು ಒಂದೊಂದ ಅಮಾಸಿ ಕೆದರಿ ತಗದಳು, ಊದಿದಳು, ಪೆನ್ ಡ್ರೈವ್ ಚುಚ್ಚಿದಳು. ಬಟನ್ ಒತ್ತಿ, ಹಿಟ್ಟು ಹತ್ತಿದ ಬೆರಳಲೆ ಎಫ್ ಹನ್ನೆರಡು ಬಡಿಯಾಕ ಹತ್ತಿದಳು. ದಿನಾ ಇಪ್ಪತ್ತೈದು ರೊಟ್ಟಿ ಬಡಿಯೂ ಕೈ. ಅದಕ್ಕ ನಿಂದ್ರೂದು ಗೊತ್ತಿರಲಿಲ್ಲ.

ಪರದಿ ಮ್ಯಾಲ ಪಟ್ಟಿ ಬಂತು. ಪೆನ್ ಡ್ರೈವಿನ ಹೆಸರಿನ ಮ್ಯಾಲ ಒತ್ತಿದಳು. ಬಿಳೀ ಅಕ್ಷರ ಇರಿವಿ ಸಾಲಿನಂಗ ಮ್ಯಾಲ ಹರದು, ಆಮ್ಯಾಲ ಪರದಿ ಹಸರಾಗಿ ನಿಂತಿತು. ಹತ್ತೊಂಬತ್ತನೇ ರೊಟ್ಟಿ ಸೀದು ಕರ್ರಗಾತು.

"ಏನ ಸೀತು?" ಸಾತವ್ವ ಓಡಿ ಬಂದಳು. ಬೆಳಕು ನೋಡಿ ಕೈಮುಗದಳು. "ನೋಡು, ನಮ್ಮ ಸಿದ್ದು ಮಾಡೇ ಬಿಟ್ಟ!"

ರಾಜಶ್ರೀ ಅವತ್ತ ಟೈಪ್ ಶುರು ಮಾಡಿದಳು. ಒಳಗಿನ ಡಿಸ್ಕು ಸತ್ತಿದ್ದರಿಂದ ಬರದದ್ದೂ ಆ ಪೆನ್ ಡ್ರೈವಿನ್ಯಾಗ ಕುಂದರತಿತ್ತು. ಮಧ್ಯಾಹ್ನ ಭಾಂಡೆ ತಿಕ್ಕಿದ ಮ್ಯಾಲ ಎರಡು ತಾಸು, ಮುಂಜಾನಿ ನಳಾ ಬರೂತನಕ ಒಂದು ತಾಸು. ಎರಡು ಪುಟ, ನಾಕು ಪುಟ. ಮಾಸ್ತರರ ಅಕ್ಷರ ಕ್ವಾಣ ತುಳದಂಗ ಇದ್ದವು.

"ಟಪಟಪ ಬಡಕೋತ ಕುಂತಾಳ," ಅಂತಿದ್ದಳು ಸಾತವ್ವ ಬಾಜೂ ಮನಿ ರೇವವ್ವನ ಮುಂದ. "ಒಂದರ ರೊಟ್ಟಿ ಬರ್ತೈತೇನವ್ವಾ ಅದರಾಗಿಂದ?"

"ರೊಟ್ಟಿ ಅಲ್ರೀ ಅತ್ತಿ, ರೊಕ್ಕಾ ಬರ್ತಾವ."

"ಬರ್ಲಿ ಬರ್ಲಿ. ಬಂದ ಮ್ಯಾಲ ನಾವು ನಿನ್ನ ಎದಕ್ಕ ಅಂತ ಕೇಳೂದಿಲ್ಲವಾ, ನೀನ ನಮ್ಮನ್ನ ಕೇಳು."

ಹನ್ನೆರಡನೇ ತಾರೀಖು ಬೀರಣ್ಣ ಕುರಿ ಹೊಡಕೊಂಡು ಬಂದ. ಜಳಕಾ ಮಾಡಿದ, ಪುಂಡಿಪಲ್ಯಾ ರೊಟ್ಟಿ ಉಂಡ, ಕಂಬಕ್ಕ ಆತು ಕುಂತ. ಸೌಂಡ್ ಬಾಕ್ಸಿನ ಬಗಲಾಗ ಕೈ ಆಡಿಸಿದ.

"ಇದರದೆಲ್ಲಿ ಐತಿ?"

ಸಿದ್ಧರಾಮ ಚಪ್ಪಲಿ ಹುಡುಕಾಕ ಹತ್ತಿದ. ರಾಜಶ್ರೀ ಪೆನ್ ಡ್ರೈವ್ ತಂದು ಕೊಟ್ಟಳು. "ನಾಳೀತನಕ ತಡೀರಿ ಮಾವಾರ, ಹಾಡು ಜಾಹಿದನ ಹತ್ತರ ಇಳಿಸಿ ಇಟ್ಟಾರ. ಸಿದ್ದು ತರ್ತಾನ."

"ಸಿದ್ದು?" ಅಂದ ಬೀರಣ್ಣ.

"ಅದು... ಯಪ್ಪಾ... ಅವ ಕೇಳಲಿಲ್ಲ, ನಾ ಹೇಳಲಿಲ್ಲ..."

"ಏನ ಹೇಳಲಿಲ್ಲ?"

"ಅಳಿಸಿ ಹೋಗ್ಯಾವು."

ಮುದುಕ ಒದರಲಿಲ್ಲ. ಒದರಾಕ ದನಿ ಬೇಕಲ್ಲ. ಪೆನ್ ಡ್ರೈವನ್ನ ಕಿವಿ ಹತ್ತರ ಹಿಡದು ಅಳ್ಳಾಡಿಸಿ ನೋಡಿದ, ತೆಂಗಿನಕಾಯಾಗ ನೀರ ಐತೇನು ನೋಡಿದಂಗ. ಒದರೂ ಕೆಲಸ ಸಾತವ್ವ ಮಾಡಿದಳು.

"ನಿನ್ನ ಟಪಟಪಕ್ಕ ಬೆಂಕಿ ಹತ್ತಲಿ! ಮುದುಕನ ಜೀವಾನ ಅಳಿಸಿಬಿಟ್ಯಲ್ಲ!"

"ನಾ ಅಳಿಸಿಲ್ರಿ ಅತ್ತಿ. ಇಳಿಸ್ಕೊಂಡು ಹಾಕ್ಸು ಅಂತ ನಿಮ್ಮೆಲ್ಲಾರ ಮುಂದ ಹೇಳೀನಿ. ಕೇಳ್ರಿ ನಿಮ್ಮ ಮಗನ್ನ."

"ಹೇಳಿದ್ದಳೋ ಇಲ್ಲೋ?" ಅಂದ ಬೀರಣ್ಣ.

"ಹೇಳಿದ್ದರು," ಅಂದ ಸಿದ್ಧರಾಮ, ನೆಲ ನೋಡ್ಕೋತ.

ಇಲ್ಲಿಗೆ ನ್ಯಾಯ ಮುಗೀಬೇಕಿತ್ತು. ಆದ್ರ ಈ ಮನ್ಯಾಗ ತಪ್ಪು ಯಾರದಂತ ಗೊತ್ತಾದ ಮ್ಯಾಲ ಅದು ಯಾರ ತಲಿ ಮ್ಯಾಲ ಕುಂದ್ರಬೇಕು ಅನ್ನೂದು ಬ್ಯಾರೆ ಮಾತು.

"ಅವ ಹುಡುಗ, ಅವಗೇನು ತಿಳೀತೈತಿ?" ಅಂದಳು ಸಾತವ್ವ. ಹುಡುಗಗ ಇಪ್ಪತ್ತಾರು ವರ್ಷ, ಸೊಸಿಗಿಂತ ಎರಡ ವರ್ಷ ಸಣ್ಣಾವ. "ನೀ ಓದಿದಾಕಿ. ನಿನಗ ತಿಳೀಬೇಕಿತ್ತು. ಬೆನ್ನ ಹತ್ತಿ ಹೋಗಬೇಕಿತ್ತು."

"ಸ್ವಂತ ಹೋಗ್ತೇನಂದ್ರ ಬಿಡ್ತಿದ್ರೇನ್ರಿ ನೀವು?"

"ಬಾಯಿ ನೋಡು ಬಾಯಿ! ಏ ಕಾಂತು, ನೋಡೋ ನಿನ್ನ ಹೇಣ್ತಿ ಬಾಯಿ!"

ಕಾಂತು ನೋಡಿದ. "ನೀ ಆ ಕೆಲಸಾ ಹಿಡೀದಿದ್ರ ಇದ್ಯಾವುದೂ ಆಗತಿರಲಿಲ್ಲ," ಅಂದ. ಪೆನ್ ಡ್ರೈವ್ ಮನ್ಯಾಗ ಐತಲ್ಲ ಅಂತ ತೋರಿಸಿದಾವ ಅವನ. ಅದು ಅವಗ ನೆನಪಾಗಲಿಲ್ಲ, ಬ್ಯಾರೇದವರೂ ನೆನಪ ಮಾಡಲಿಲ್ಲ.

ಬೀರಣ್ಣ ಪೆನ್ ಡ್ರೈವನ್ನ ಮುಟಗ್ಯಾಗ ಹಿಡಕೊಂಡ. "ಇದು ನಂದು. ಇನ್ನ ಕೊಡೂದಿಲ್ಲ."

"ಇಪ್ಪತ್ತನೇ ತಾರೀಖಿನತನಕ ಕೊಡ್ರಿ ಮಾವಾರ. ಕೈ ಮುಗೀತೇನಿ. ಇದು ಲ್ಯಾಪ್‌ಟಾಪಿನ ಕೀಲೀಕೈ ಇದ್ದಂಗ್ರಿ. ಇದು ಇಲ್ಲಂದ್ರ ಅದು ತಗಿಯೂದಿಲ್ಲ. ನನ್ನ ಕೆಲಸಾ ಎಲ್ಲಾ ಕೆಡತೈತಿ."

ಮುದುಕ ಮುಟಗಿ ಬಿಚ್ಚಿ ಕೊಟ್ಟ. ಅವತ್ತಿಂದ ಆಕಿ ಜೋಡಿ ಮಾತು ಬಿಟ್ಟ. ರೊಟ್ಟಿ ಬೇಕಂದ್ರ ಹೆಂಡತಿಗಿ ಹೇಳಾಂವ, ಹೆಂಡತಿ ಸೊಸಿಗಿ ಹೇಳಾಕಿ. ಮೂರು ಮಾರು ದೂರಕ್ಕ ಒಂದು ರೊಟ್ಟಿ ಎರಡು ಕಚೇರಿ ದಾಟಿ ಬರತಿತ್ತು.

ರಾಜಶ್ರೀ ಬಡೀತಾನ ಇದ್ದಳು. ಹದಿನಾರಕ್ಕ ಇಪ್ಪತ್ತಾರು ಪುಟ. ಹದಿನೆಂಟಕ್ಕ ಮೂವತ್ತೇಳು.

ಹತ್ತೊಂಬತ್ತಕ್ಕ ಮೂರ ಪುಟ ಉಳದಿದ್ದವು. ಅವತ್ತ ಮುಂಜಾನಿ ರೇಷನ್ ಬಂತು. ಅಂಗಡಿ ಮಷೀನಿನ ಮ್ಯಾಲ ಮನಿಯವರು ಯಾರರ ಒಬ್ಬರು ಹೆಬ್ಬಟ್ಟು ಒತ್ತಬೇಕು. ಸಾತವ್ವನ ಹೆಬ್ಬಟ್ಟು ಸವದು ಮಷೀನಿಗೆ ಕಾಣತಿರಲಿಲ್ಲ. ಗಂಡಸರು ರೇಷನ್ ಸಾಲಿನ್ಯಾಗ ನಿಂದ್ರೂದಿಲ್ಲ. ರಾಜಶ್ರೀ ಚೀಲಾ ತಗೊಂಡು ಹೋದಳು. ನೆಟ್‌ವರ್ಕ್ ಇರಲಿಲ್ಲ. ಮುಂಜಾನಿ ಎಂಟಕ್ಕ ನಿಂತಾಕಿ ಮಧ್ಯಾಹ್ನ ಮೂರಕ್ಕ ಹೆಬ್ಬಟ್ಟು ಒತ್ತಿದಳು.

ಆ ಹೊತ್ತಿನ್ಯಾಗ ಬೀರಣ್ಣನ ಮ್ಯಾಳದ ಗೆಳ್ಯಾ ಪರಮಾನಂದ ಮನಿಗಿ ಬಂದಿದ್ದ. "ಅಳಿಸಿದ್ದು ಹೊಳ್ಳಿ ಬರ್ತಾವೋ ಮಾರಾಯಾ. ನಮ್ಮ ಅಳಿಯನ ಲಗ್ನದ ಫೋಟೋ ಹಂಗ ತಗಸೀವಿ," ಅಂದ.

ಬೀರಣ್ಣ ಎದ್ದು ನಿಂತ. "ಸಿದ್ದು, ಅದನ್ನ ಒಯ್ದು ಹಾಡು ತಗಸ್ಕೊಂಡು ಬಾ."

"ವೈನಿ ಬರ್ಲೆಪ್ಪಾ..."

"ಆಕೀ ಬರದದ್ದು ಆ ಡಬ್ಬ್ಯಾಗ ಐತಿ. ಇದು ಬರೇ ಕೀಲೀಕೈ ಅಂತ ಆಕೀನ ಅಂದಾಳ. ಸಂಜೀತನಕ ಬಾಗಿಲಾ ಹಾಕಿದ್ರ ಏನ ಹೋಗ್ತೈತಿ?"

ಸಿದ್ಧರಾಮ ಕಿತ್ತಕೊಂಡು ಹೋದ. ಅಪ್ಪನ ಮನಸ್ಸು ಗೆಲ್ಲಬೇಕಾಗಿತ್ತು ಅವಗ. ಜಾಹಿದ ಮಷೀನಿಗೆ ಹಾಕಿ ಒಂದು ತಾಸು ಹುಡುಕಿದ, ತಲಿ ಅಳ್ಳಾಡಿಸಿದ. "ಮ್ಯಾಲ ಹೊಸಾದು ಕುಂತೈತಿ. ಹಳೀದು ಬರೂದಿಲ್ಲಪಾ."

"ಖಾಲಿ ಕೈಲೆ ಹೋದ್ರ ಅಪ್ಪ ಸುಮ್ಮನ ಬಿಡೂದಿಲ್ಲ. ಇದನ್ನ ಒರಸಿ, ನಿನ್ನ ಹತ್ತರ ಇದ್ದ ಡೊಳ್ಳಿನ ಪದಾ ತುಂಬಿ ಕೊಡು. ಯಾರದರ ಇರ್ಲಿ."

"ಇದರಾಗ ನಿಮ್ಮ ವೈನೀದು ಏನರ ಇದ್ದೀತು. ಒಂದು ಫೋನ್ ಹಚ್ಚಿ ಕೇಳು."

"ಏನಿಲ್ಲ, ಹಾಕು," ಅಂದ ಸಿದ್ಧರಾಮ.

ರಾಜಶ್ರೀ ತಲಿ ಮ್ಯಾಲ ಅಕ್ಕಿ ಚೀಲಾ ಹೊತ್ತು ಬರೂಮುಂದ ಮನ್ಯಾಗ ಸೌಂಡ್ ಬಾಕ್ಸ್ ಒದರಾಕತ್ತಿತ್ತು. ಯಾವನೋ ಬ್ಯಾರೇದಾವ ಹಾಡತಿದ್ದ. ಬೀರಣ್ಣ ಕಂಬದ ಹತ್ತರ ಕಲ್ಲಿನಂಗ ಕುಂತಿದ್ದ.

"ಆರಿಸೋ ಅದನ್ನ," ಅಂದ.

ರಾಜಶ್ರೀ ಚೀಲಾ ಇಳಿಸಲಿಲ್ಲ. ಹೊತ್ತುಕೊಂಡ ಹೋಗಿ ಲ್ಯಾಪ್‌ಟಾಪಿನ ಬಗಲಾಗ ನೋಡಿದಳು, ಹೊಳ್ಳಿ ಬಂದು ಸೌಂಡ್ ಬಾಕ್ಸ್ ನೋಡಿದಳು. ಆಮ್ಯಾಲ ಚೀಲಾ ಕೈ ಜಾರಿತು. ಅಕ್ಕಿ ಪಡಸಾಲಿ ತುಂಬ ಹರದವು.

"ಸಿದ್ದು, ನನ್ನ ಹಾಳಿ?"

"ಅವು ಲ್ಯಾಪ್‌ಟಾಪಿನ್ಯಾಗ ಅದಾವಲ್ರಿ ವೈನಿ."

"ಲ್ಯಾಪ್‌ಟಾಪಿನ್ಯಾಗ ಏನೈತೋ? ಡಿಸ್ಕು ಸತ್ತೈತಿ ಅಂತ ನೀನ ಬಂದು ಹೇಳಿದ್ಯಲ್ಲೋ! ಸತ್ತದ್ದು ಹೆಂಗ ಇಟ್ಕೋತೈತಿ? ಕೋರ್ಸಿನ್ಯಾಗ ಇದನ್ನ ಕಲಿಸಲಿಲ್ಲೇನು?"

"ಮಾವಗ ನೀನ ಅಂದೀ, ಕೀಲೀಕೈ ಅಂತ," ಅಂದಳು ಸಾತವ್ವ, ಅಕ್ಕಿ ಬಳಕೋತ.

ರಾಜಶ್ರೀ ಅಂದಿದ್ದಳು, ಖರೇನ. ಮುದುಕಗ ತಿಳೀಲಿ ಅಂತ ಅರ್ಧಾ ಹೇಳಿದ್ದಳು, ಉಳದ ಅರ್ಧಾ ಹೇಳಾಕ ಎಂಟು ದಿನ ಅವ ಆಕಿ ಜೋಡಿ ಮಾತಾಡಿರಲಿಲ್ಲ.

ಹಿತ್ತಲಕ್ಕ ಹೋಗಿ ಸುವರ್ಣಾಗ ಫೋನ್ ಮಾಡಿ ಬಂದಳು. ಮಾಲಕ ಹತ್ತರಾನ ಇದ್ದನಂತ. ಮುದ್ದೇಬಿಹಾಳದಾಕಿ ಒಬ್ಬಾಕಿ ನಿನ್ನೇನ ನಲವತ್ತೂ ಕಳಿಸ್ಯಾಳಂತ. ತಾರೀಖು ಅಂದ್ರ ತಾರೀಖು ಅಂತ ಅಂದನಂತ.

ಸಂಜೀಕ ಕಾಂತು ಬಂದ, ಕೇಳಿದ. ಆಮ್ಯಾಲ ಅವನ ಮಟ್ಟಿಗೆ ದೊಡ್ಡದೊಂದು ಮಾತಾಡಿದ. "ನಲವತ್ತು ಪುಟಕ್ಕ ಎಷ್ಟಾಗತಿತ್ತು? ಸಾವಿರ? ನಾ ಕೊಡ್ತೇನಿ ತಗೋ, ಅಳಬ್ಯಾಡ." ಕಿಸೇಕ ಕೈ ಹಾಕಿದ.

"ಎದಕ್ಕ?" ಅಂದಳು ರಾಜಶ್ರೀ.

ಅವನ ಕೈ ಕಿಸೇದಾಗ ಉಳೀತು.

ಊಟಕ್ಕ ಕುಂತ್ರು. ಬದನೀಕಾಯಿ ಪಲ್ಯಾ, ರೊಟ್ಟಿ, ಮಜ್ಜಗಿ. ಸಿದ್ಧರಾಮಗ ಹಸುವಿಲ್ಲಂತ, ಹೊರಗ ಕುಂತಿದ್ದ. ಆಮ್ಯಾಲ ಸಾತವ್ವ ಅವನ ತಾಟು ಅಲ್ಲೇ ಒಯ್ದು ಕೊಟ್ಟಳು, ಎರಡು ರೊಟ್ಟಿ ಹೆಚ್ಚಿಗಿ ಇಟ್ಟು. ರಾಜಶ್ರೀ ಬುಟ್ಟಿ ಹಿಡಕೊಂಡು ನೀಡತಿದ್ದಳು. ಮಾವನ ತಾಟಿಗಿ ರೊಟ್ಟಿ ಹಾಕಿ ಮುಂದ ಹೊಂಟಾಗ ಬೀರಣ್ಣ ಮಾತಾಡಿದ. ಎಂಟು ದಿನದ ಮ್ಯಾಲ, ನೇರ ಆಕಿಗೇ.

"ಎಷ್ಟು ಹಾಳಿ ಇದ್ದವು?"

"ಮೂವತ್ತೇಳ್ರಿ."

"ನನ್ನವು ಇಪ್ಪತ್ತೆರಡು ಪದ."

"ಗೊತ್ತೈತ್ರಿ."

"ಈಗ ಎಣಿಸಿದ್ರ ಹೊಳ್ಳಿ ಬರ್ತಾವೇನ್ರಿ? ಉಣ್ರಿ ಸುಮ್ಮ," ಅಂದಳು ಸಾತವ್ವ.

ಬೀರಣ್ಣ ಆಕಿ ಮಾತು ಕೇಳಸ್ಕೊಳ್ಳಲಿಲ್ಲ. ಸೊಸೀ ಮಾರಿ ನೋಡಿದ. "ಕೈ ಗಟ್ಟಿ ಅದಾವ, ಕಣ್ಣು ಚೊಲೋ ಅದಾವ. ಮತ್ತ ಬರಿ," ಅಂದ. ಸಮಾಧಾನಕ್ಕ ಅಂದ ಮಾತದು. ಆರು ವರ್ಷದಾಗ ಆ ಮನ್ಯಾಗ ಯಾರರ ಆಕಿಗಿ ಸಮಾಧಾನ ಹೇಳಿದ್ದು ಅದ ಮೊದಲು.

ರಾಜಶ್ರೀ ರೊಟ್ಟಿ ಬುಟ್ಟಿ ಕೆಳಗಿಟ್ಟಳು.

"ನೀವು ಮತ್ತ ಹಾಡ್ತೀರೇನ್ರಿ, ಮಾವಾರ?"

ಬೀರಣ್ಣ ಬಾಯಿ ತಗದ. ಕುತಗಿ ಹೊಲಗಿ ಗುರುತು ಮ್ಯಾಲ ಏರಿತು, ಕೆಳಗ ಇಳೀತು. ದನಿ ಬರಲಿಲ್ಲ. ಕಣ್ಣಾಗ ನೀರ ಬಂತು. ಸಾತವ್ವ ಗಾಬರ್ಯಾಗಿ ಎದ್ದು ಬಂದು ಅವನ ಬೆನ್ನು ಗುದ್ದಾಕ ಹತ್ತಿದಳು. "ತುತ್ತು ಸಿಕ್ಕತೇನ್ರಿ? ನೀರ ಕುಡೀರಿ, ಲಗೂ ನೀರ ಕುಡೀರಿ!"

ತಾಟಿನ್ಯಾಗ ರೊಟ್ಟಿ ಇನ್ನೂ ಮುರದಿರಲಿಲ್ಲ.